ಎಸ್ಮೆಯನ್ನು ತಯಾರು ಮಾಡಿದ್ದು

‘ತೆರೆದ ಪುಟ’ ಸಂಸ್ಥೆ ಮುಚ್ಚಿಹೋಗಿದೆ ಎಂಬುದು ನನಗೆ ಗೊತ್ತಾದದ್ದು ಅದರ ಬಾಗಿಲಲ್ಲೇ ನಿಂತಾಗ. ಬಾಗಿಲಿಗೆ ಬೀಗ. ಗಾಜಿಗೆ ಒಂದು ಚೀಟಿ ಅಂಟಿಸಿದ್ದರು: ‘ಅನಿವಾರ್ಯ ಕಾರಣಗಳಿಂದ ಸೇವೆ ನಿಲ್ಲಿಸಲಾಗಿದೆ. ಸಹಾಯ ಬೇಕಾದವರು ಈ ಕೆಳಗಿನ ಸಂಖ್ಯೆಗೆ ಕರೆ ಮಾಡಿ.’ ಮಾಡಿದೆ. ಬಾಗಿಲಿನಾಚೆಯ ಖಾಲಿ ಕೋಣೆಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಹೊರಗೆ ನಾನು ಕಿವಿಗೆ ನನ್ನ ಫೋನು ಹಿಡಿದು, ಒಳಗಿನ ಫೋನು ಅರಚುವುದನ್ನು ಕೇಳುತ್ತ ನಿಂತಿದ್ದೆ.

"ಅಜ್ಜೀ, ಒಳಗೆ ಯಾರದೋ ಫೋನ್ ಬರ್ತಿದೆ" ಎಂದಳು ಮೊಮ್ಮಗಳು ಎಸ್ಮೆ.

"ನಂದೇ ಕಣೇ."

"ಮತ್ತೆ ಯಾರೂ ಎತ್ತಲ್ಲ ಅಂತ ಗೊತ್ತಿದ್ದೂ ಯಾಕೆ ಮಾಡ್ತಿದೀಯ?"

ಹತ್ತು ವರ್ಷದ ಹುಡುಗಿಗಿದ್ದಷ್ಟು ಬುದ್ಧಿ ಆ ಚೀಟಿ ಬರೆದವರಿಗೆ ಇರಲಿಲ್ಲ.

ಆ ದಿನಕ್ಕಾಗಿ ನಾವು ಒಂದು ವರ್ಷದಿಂದ ಕಾದಿದ್ದೆವು. ಅಕ್ಷರದೊಡನೆ ಹೆಣಗುವ ಮಕ್ಕಳನ್ನು ಪರೀಕ್ಷಿಸಿ, ಡಿಸ್ಲೆಕ್ಸಿಯಾ ಹೌದೋ ಅಲ್ಲವೋ ಎಂದು ಬರೆದುಕೊಟ್ಟು, ಹೌದಾದರೆ ಪಾಠವನ್ನೂ ಹೇಳಿಕೊಡುತ್ತಿದ್ದ ಧರ್ಮಸಂಸ್ಥೆ ನಮ್ಮ ಕಡೆ ಅದೊಂದೇ. ಎರಡು ಬಸ್ಸು ಬದಲಿಸಿ ಮಾರ್ಪೆತ್‌ಗೆ ಬಂದಿದ್ದೆವು. ಎಸ್ಮೆಗೆ ಹೊಸ ಕೋಟು ಬೇರೆ. ಹೊಸ ಕೋಟು ಹಾಕಿಕೊಂಡು ಒಂದು ಬೀಗವನ್ನು ನೋಡಿ, ಮತ್ತೆ ಎರಡು ಬಸ್ಸು ಬದಲಿಸಿ ಮನೆಗೆ ಹೋದೆವು.

ನಮ್ಮ ಎಸ್ಮೆ ದಡ್ಡಿಯಲ್ಲ. ಇದನ್ನು ಎಲ್ಲ ಅಜ್ಜಿಯರೂ ಹೇಳುತ್ತಾರೆ, ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನೀವು ನಗಬಹುದು. ಆದರೆ ಶನಿವಾರ ಸಂಜೆ ರೇಡಿಯೊದಲ್ಲಿ ಫುಟ್‌ಬಾಲ್ ಫಲಿತಾಂಶ ಒಮ್ಮೆ ಕೇಳಿದರೆ ಸಾಕು, ಭಾನುವಾರ ಊಟದ ಹೊತ್ತಿಗೆ ಅಷ್ಟನ್ನೂ ಒಪ್ಪಿಸುತ್ತಾಳೆ. ಊರಿನ ಗಣಿ ಕೆಲಸಗಾರರ ಕ್ಲಬ್ಬಿನಲ್ಲಿ ಗಂಡಸರು ಆಡುವ ಪೋಲಿ ಜೋಕುಗಳನ್ನೂ ಒಪ್ಪಿಸುತ್ತಾಳೆ, ಅದೂ ಪಾದ್ರಿಗಳ ಎದುರಿಗೆ. ಆದರೆ ಪುಸ್ತಕ ಕೈಗೆ ಕೊಟ್ಟರೆ ಮುಖ ಕಪ್ಪಿಡುತ್ತದೆ. ಮೊದಲ ಅಕ್ಷರ ನೋಡಿ ಉಳಿದದ್ದನ್ನು ಊಹಿಸುತ್ತಾಳೆ, ಊಹೆ ತಪ್ಪಿದರೆ ಹೊಟ್ಟೆನೋವು ಎನ್ನುತ್ತಾಳೆ. ಈಚೆಗೆ ಬೆಳಗಾದರೆ ಸಾಕು, ಹೊಟ್ಟೆನೋವು ತಪ್ಪುತ್ತಿರಲಿಲ್ಲ. ಅವಳ ತಾಯಿ, ನನ್ನ ಮಗಳು ಗೇಲ್, ವೃದ್ಧಾಶ್ರಮದಲ್ಲಿ ಪಾಳಿ ಕೆಲಸದವಳು. ಹಾಗಾಗಿ ಹೊಟ್ಟೆನೋವು ನೋಡಿಕೊಳ್ಳುವ ಕೆಲಸ ನನ್ನದು. ಸೆಪ್ಟೆಂಬರಿನಲ್ಲಿ ಅವಳು ದೊಡ್ಡ ಶಾಲೆಗೆ ಹೋಗಬೇಕು. ಸಾವಿರ ಮಕ್ಕಳಿರುವ ಆ ಶಾಲೆಗೆ ಹೀಗೆಯೇ ಹೋದರೆ ಹಿಂದಿನ ಬೆಂಚು, ಆಮೇಲೆ ಬಾಗಿಲಿನ ಹೊರಗೆ, ಆಮೇಲೆ ಶಾಲೆಯೇ ಬೇಡ. ನಮ್ಮೂರಿನಲ್ಲಿ ಆ ದಾರಿ ಹಿಡಿದ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನನಗೆ ಹೆದರಿಕೆ ಇತ್ತು, ನಿಜವಾದ ಹೆದರಿಕೆ.

ಶಾಲೆಗೆ ಹೋಗಿ ಕೇಳಿದೆ. ವಿಶೇಷ ಮಕ್ಕಳನ್ನು ನೋಡಿಕೊಳ್ಳುವ ಮೇಷ್ಟ್ರು ಮೂರು ಶಾಲೆಗೆ ಒಬ್ಬರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಪಳಗಿದ ಮನುಷ್ಯ. "ನಾವು ಅವಳ ಮೇಲೆ ಗಮನ ಇಟ್ಟಿದೀವಿ, ಮಿಸೆಸ್ ಚಾರ್ಲ್ಟನ್" ಎಂದರು.

"ಮೂರು ವರ್ಷದಿಂದ ಇಟ್ಟಿದೀರಿ ಸಾರ್. ನಮ್ಮ ಬೆಕ್ಕೂ ಮೀನಿನಂಗಡಿ ಮೇಲೆ ಗಮನ ಇಟ್ಟಿದೆ. ಅದಕ್ಕಾದ್ರೂ ಆಗಾಗ ಒಂದು ತಲೆ ಸಿಗುತ್ತೆ."

ಕೌನ್ಸಿಲಿಗೆ ಫೋನು ಮಾಡಿದೆ. ಅವರು ಸಂಗೀತ ಕೇಳಿಸಿದರು, ಆಮೇಲೆ ಇನ್ನೊಬ್ಬರಿಗೆ ದಾಟಿಸಿದರು, ಅವರು ಮತ್ತೊಬ್ಬರಿಗೆ. ಕೊನೆಗೆ ಕಸದ ವಿಭಾಗಕ್ಕೆ ಬಂದು ಮುಟ್ಟಿದೆ. ಇಡೀ ಕೌನ್ಸಿಲಿನಲ್ಲಿ ನನ್ನ ಕಷ್ಟವನ್ನು ಪೂರ್ತಿ ಕೇಳಿದವಳು ಆ ಕಸದ ವಿಭಾಗದ ಹುಡುಗಿ ಒಬ್ಬಳೇ. ಪಾಪ, ಹಳೆಯ ಸೋಫಾ ಇದ್ದರೆ ಹೇಳಿ, ಒಯ್ಯುತ್ತೇವೆ ಎಂದಳು. ನ್ಯೂಕಾಸಲ್‌ನಲ್ಲಿ ಹಾಕಿಕೊಂಡರೆ ಅಕ್ಷರ ಸರಿಯಾಗಿ ಕಾಣುತ್ತದೆಂದು ಬಣ್ಣದ ಕನ್ನಡಕ ಮಾರುವವನೊಬ್ಬನಿದ್ದ. ಎಸ್ಮೆಗೆ ನೇರಳೆ ಕನ್ನಡಕ ಹಾಕಿಸಿ, "ಈಗ ಹೇಗಿದೆ ಪುಟ್ಟಿ?" ಎಂದು ಕೇಳಿದ. "ನೀವು ಬದನೇಕಾಯಿ ಥರ ಕಾಣ್ತಿದೀರ" ಎಂದಳು. ಅವನ ವ್ಯಾಪಾರ ಅಲ್ಲಿಗೆ ಮುಗಿಯಿತು.

ಕೊನೆಗೆ ದಾರಿ ತೋರಿಸಿದ್ದು ನಾನು ತಲೆಗೂದಲು ಸುರುಳಿ ಮಾಡಿಸಿಕೊಳ್ಳುವ ಅಂಗಡಿ. ಅಲ್ಲಿ ತಲೆಯ ಮೇಲೆ ಬಿಸಿಗಾಳಿಯ ಬುಟ್ಟಿ ಕವುಚಿದರೆ ಯಾರಿಗೂ ಏನೂ ಕೇಳಿಸುವುದಿಲ್ಲ, ಆದ್ದರಿಂದ ಎಲ್ಲರೂ ಕೂಗಿ ಮಾತಾಡುತ್ತಾರೆ. ನಾನು ‘ತೆರೆದ ಪುಟ’ದ ವಂಶವನ್ನೆಲ್ಲ ಜಾಲಾಡುತ್ತ ಕೂಗುತ್ತಿದ್ದೆ. ಪಕ್ಕದ ಬುಟ್ಟಿಯೊಳಗಿದ್ದ ಹೆಂಗಸು ತಲೆ ಹೊರಗೆ ಹಾಕಿದರು.

"ಅಲ್ಲಿ ಮಕ್ಕಳ ಪರೀಕ್ಷೆ ಮಾಡ್ತಿದ್ದೋಳು ನಾನೇ" ಎಂದರು.

ನಾಲಗೆ ಕಚ್ಚಿಕೊಂಡೆ. "ನಿಮ್ಮನ್ನ ಅಂದಿದ್ದಲ್ಲ ಮೇಡಂ."

"ಅನ್ನಿ, ಅನ್ನಿ. ನಾನೂ ಅದನ್ನೇ ಅಂತಿದೀನಿ. ಮುಚ್ಚಿದ್ದು ನನಗೂ ಆ ಚೀಟಿ ನೋಡಿದ ಮೇಲೇ ಗೊತ್ತಾಗಿದ್ದು."

ಅವರ ಹೆಸರು ಮಿಸೆಸ್ ಪಾರ್ಜಿಟರ್. ಕೆಲಸ ಹೋದ ಮೇಲೆ ಪರೀಕ್ಷೆಯ ಸಾಮಾನನ್ನು ಕಾರಿನ ಡಿಕ್ಕಿಯಲ್ಲಿಟ್ಟುಕೊಂಡು ಊರೂರು ಸುತ್ತುತ್ತಿದ್ದರು. ಶನಿವಾರದ ಬೆಳಗ್ಗೆ ಚರ್ಚಿನ ಹಾಲ್‌ನಲ್ಲಿ ಕೆಲವು ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಈಸ್ಟರ್ ಕಳೆದ ಮೇಲೆ ಅಲ್ಲಿ ಒಂದೇ ಒಂದು ಜಾಗ ಖಾಲಿಯಾಗುವುದಿತ್ತು. ಆದರೆ ಪರೀಕ್ಷೆಯಾಗಿ, ಡಿಸ್ಲೆಕ್ಸಿಯಾ ಇದೆ ಎಂದು ತಿಳಿದ ಮಗುವಿಗೆ ಮಾತ್ರ ಆ ಜಾಗ. ಆ್ಯಂಬಲ್‌ನ ಒಬ್ಬ ಹುಡುಗ ಆಗಲೇ ಕಾಯುತ್ತಿದ್ದ. ಎಸ್ಮೆಯ ಪರೀಕ್ಷೆ ಆಗುವವರೆಗೆ ಜಾಗ ಹಿಡಿದಿಡುತ್ತೇನೆ ಎಂದು ಒಪ್ಪಿಕೊಂಡರು. ಗದ್ದಲವಿಲ್ಲದ ಒಂದು ಕೋಣೆ ಮಾತ್ರ ನಾವು ನೋಡಿಡಬೇಕು.

"ಇನ್ನೇನು ತಯಾರಿ ಮಾಡ್ಕೋಬೇಕು ಮೇಡಂ?"

"ಏನೂ ಬೇಡ. ಹೇಗಿದಾಳೋ ಹಾಗೇ ಕರ್ಕೊಂಡ್ಬನ್ನಿ."

ಎಡವಿದ್ದು ಇಲ್ಲೇ. ನಮ್ಮೂರಿನಲ್ಲಿ ಊಟಕ್ಕೆ ಕರೆದವರು ‘ಬರುವಾಗ ಏನೂ ತರಬೇಡಿ’ ಎನ್ನುತ್ತಾರೆ. ಅದನ್ನು ನಂಬಿ ಕೈ ಬೀಸಿಕೊಂಡು ಹೋದವರ ಮಾತು ಊರಿನಲ್ಲಿ ಇಪ್ಪತ್ತು ವರ್ಷ ಓಡುತ್ತದೆ. ಮನೆ ಗುಡಿಸುವವಳು ಬರುತ್ತಾಳೆಂದರೆ ಅವಳು ಬರುವ ಮೊದಲೇ ಮನೆ ಗುಡಿಸಿಡುವ ಜನ ನಾವು. ನನ್ನ ತಾಯಿ ಕೊನೆಯ ದಿನಗಳಲ್ಲಿ, ಡಾಕ್ಟರು ಬರುತ್ತಾರೆಂದು ಎದ್ದು ಕೂತು ಪೌಡರು ಬಳಿದು ತುಟಿಗೆ ಬಣ್ಣ ಹಚ್ಚಿಕೊಂಡಳು. ಡಾಕ್ಟರು ನೋಡಿ, ‘ಚೆನ್ನಾಗಿದ್ದೀರಲ್ಲ!’ ಎಂದು ಹೊರಟುಹೋದರು. ಆ ವಾರವೇ ತೀರಿಕೊಂಡಳು. ಹೆಣ ಬಹಳ ಲಕ್ಷಣವಾಗಿತ್ತು. ಇಷ್ಟಾದರೂ ನಮಗೆ ಬುದ್ಧಿ ಬಂದಿರಲಿಲ್ಲ.

ನನ್ನ ಗಂಡ ಮ್ಯಾಟಿಗಂತೂ ಬುದ್ಧಿ ಬರುವ ಯೋಗವೇ ಇರಲಿಲ್ಲ. ಅವನು ಊರಿನ ಲೀಕ್ ಸಂಘದ ಅಧ್ಯಕ್ಷ. ಲೀಕ್ ಎಂದರೆ ಈರುಳ್ಳಿಯ ನೆಂಟ. ಬೇರೆ ಕಡೆ ಜನ ಅದನ್ನು ಸಾರಿಗೆ ಹಾಕುತ್ತಾರೆ, ನಾವು ಪೂಜೆ ಮಾಡುತ್ತೇವೆ. ಗಣಿ ಮುಚ್ಚಿದ ಮೇಲೆ ಊರಿನ ಗಂಡಸರಿಗೆ ಉಳಿದಿರುವ ಧರ್ಮ ಇದೊಂದೇ. ವರ್ಷವಿಡೀ ಗೊಬ್ಬರ ಹಾಕಿ, ಬಿಯರ್ ಕುಡಿಸಿ, ಮೈದಡವಿ ಬೆಳೆಸಿದ ಲೀಕನ್ನು ಸೆಪ್ಟೆಂಬರಿನಲ್ಲಿ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಕ್ಲಬ್ಬಿನ ಮಹಡಿಯಲ್ಲಿ ತೀರ್ಪುಗಾರರ ಮುಂದಿಡುತ್ತಾರೆ. ಪ್ರದರ್ಶನಕ್ಕೆ ಮೊದಲು ಮ್ಯಾಟಿ ಮನೆಮನೆಗೆ ಹೋಗಿ ಪ್ರತಿಯೊಬ್ಬನ ಲೀಕಿಗೂ ಮುದ್ರೆ ಒತ್ತುತ್ತಾನೆ, ಯಾರೂ ಹೊರಗಿನಿಂದ ಕೊಂಡು ತಂದು ನನ್ನದು ಎನ್ನದಂತೆ. ಹಿಂದೊಮ್ಮೆ ರಾಬ್ಸನ್ ಎಂಬವನು ಹಾಗೆ ಮಾಡಿ ಸಿಕ್ಕಿಬಿದ್ದ. ಆಮೇಲೆ ಸಾಯುವವರೆಗೂ ಕ್ಲಬ್ಬಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ಅವನ ಶವಸಂಸ್ಕಾರಕ್ಕೆ ಎಲ್ಲರೂ ಹೋದರು. ಪೆಟ್ಟಿಗೆಯೊಳಗಿರುವುದು ಅವನೇ ತಾನೇ ಎಂದು ಯಾರೋ ಕೇಳಿದರು.

ಪರೀಕ್ಷೆಯ ಖರ್ಚನ್ನು ಸಂಘದ ಬಹುಮಾನ ನಿಧಿಯಿಂದ ಕೊಡುವುದೆಂದು ಗಂಡಸರು ಕೈ ಎತ್ತಿ ತೀರ್ಮಾನಿಸಿದರು. ಅವರ ಒಳ್ಳೆಯತನಕ್ಕೆ ನಾನು ಅತ್ತೇಬಿಟ್ಟೆ. ಅಳಬಾರದಿತ್ತು. ಕೈ ಎತ್ತಿದ ಕ್ಷಣದಿಂದ ಎಸ್ಮೆ ಅವರ ಪಾಲಿಗೆ ಸಂಘದ ಪರವಾಗಿ ಸ್ಪರ್ಧೆಗಿಳಿದವಳಾದಳು.

"ತೀರ್ಪುಗಾರರು ಏನೇನು ನೋಡ್ತಾರಂತೆ?" ಎಂದು ಮ್ಯಾಟಿ ಕೇಳಿದ.

"ತೀರ್ಪುಗಾರರಲ್ಲ ಮಾರಾಯ, ಪರೀಕ್ಷೆ ಮಾಡೋರು. ಓದಿಸ್ತಾರಂತೆ, ಸ್ಪೆಲಿಂಗ್ ಕೇಳ್ತಾರಂತೆ, ಅಂಕಿ ಹೇಳಿ ಹಿಂದುಮುಂದಾಗಿ ಹೇಳು ಅಂತಾರಂತೆ. ತಯಾರಿ ಏನೂ ಬೇಡ ಅಂದಿದಾರೆ."

"ಹಾಗೆ ಅನ್ನಲೇಬೇಕಲ್ಲ, ಮರ್ಯಾದಸ್ಥರು" ಎಂದ ಮ್ಯಾಟಿ. ನನಗೂ ಹಾಗೇ ಅನ್ನಿಸಿತ್ತು.

ಅಂಕಿಯ ಪಾಠ ಕ್ಲಬ್ಬಿನ ಗೋಡೆಯಲ್ಲಿ ಅಂಕಿಗೆ ಗುರಿಯಿಟ್ಟು ಬಾಣ ಎಸೆಯುವ ಡಾರ್ಟ್ಸ್ ಬೋರ್ಡಿನ ಮುಂದೆ ಶುರುವಾಯಿತು. ಓದಿನ ಪಾಠಕ್ಕೆ ಟಾಟ್ ಹಿಂಡ್‌ಮಾರ್ಶ್ ಒದಗಿ ಬಂದ. ಟಾಟ್ ಎಂದರೆ ಮ್ಯಾಟಿಯ ಜತೆ ಗಣಿಯಲ್ಲಿದ್ದವನು, ಬೀದಿಯಲ್ಲಿ ಬಿದ್ದದ್ದನ್ನು ಬಿಟ್ಟು ಬರಲಾರದ ಮನುಷ್ಯ. ಅವನ ತೋಟದ ಮನೆಯಲ್ಲಿ ಮೂರು ಕಮೋಡು, ಒಂದು ಚರ್ಚಿನ ಬೆಂಚು ಇವೆ. ಒಂದು ಸಂಜೆ ಅವನು ರಟ್ಟಿನ ಪೆಟ್ಟಿಗೆಯೊಂದನ್ನು ಮೇಜಿನ ಮೇಲೆ ಕುಕ್ಕಿದ.

"ಆ ‘ತೆರೆದ ಪುಟ’ದೋರು ಖಾಲಿ ಮಾಡ್ವಾಗ ಕಸದ ತೊಟ್ಟಿಗೆ ಎಸೆದಿದ್ರು. ಕಾಗದ ಗಟ್ಟಿ ಇದೆ, ಲೀಕ್‌ಗೆ ಹೆಸರಿನ ಚೀಟಿ ಮಾಡೋಣ ಅಂತ ತಂದಿಟ್ಟಿದ್ದೆ. ಈಗ ನೋಡ್ತೀನಿ, ಪೂರ್ತಿ ಪರೀಕ್ಷೆ!"

ಹೌದು. ಓದಿಸುವ ಪದಗಳ ಹಾಳೆ, ಸ್ಪೆಲಿಂಗಿನ ಪಟ್ಟಿ, ಎಲ್ಲವೂ ಇದ್ದವು. ಗಂಡಸರು ಸಮಾಧಿಯಲ್ಲಿ ಚಿನ್ನ ಸಿಕ್ಕವರಂತೆ ತಲೆಗೆ ತಲೆ ಕೊಟ್ಟು ನೋಡಿದರು. ಲೀಕ್ ಪ್ರದರ್ಶನದಲ್ಲಾಗಿದ್ದರೆ ಇದನ್ನು ಮೋಸ ಎನ್ನುತ್ತಿದ್ದೆವು. ಮಗುವಿನ ವಿಷಯದಲ್ಲಿ ಯಾರಿಗೂ ಆ ಮಾತು ಹೊಳೆಯಲೇ ಇಲ್ಲ. ಇದು ಓದು, ಓದಿನಲ್ಲಿ ಅಭ್ಯಾಸ ಮಾಡಿಸುವುದು ತಪ್ಪೇ?

ಸಂಜೆ ಶಾಲೆ ಬಿಟ್ಟ ಮೇಲೆ ಕ್ಲಬ್ಬಿನ ಮೂಲೆಯ ಮೇಜಿನಲ್ಲಿ ಪಾಠ. ಮ್ಯಾಟಿ ಪದದ ಮೇಲೆ ಬೆರಳಿಟ್ಟು ಹೇಳುತ್ತಾನೆ, ಎಸ್ಮೆ ಹೇಳುತ್ತಾಳೆ, ಟಾಟ್ ಹೆಮ್ಮೆಯಿಂದ ತಲೆಯಾಡಿಸುತ್ತಾನೆ. ಸ್ವಲ್ಪ ದಿನದಲ್ಲೇ ಹಾಳೆಯ ಮೇಲಿಂದ ಕೆಳಕ್ಕೆ ಅವಳು ಗಿಳಿಯಂತೆ ಒಪ್ಪಿಸತೊಡಗಿದಳು. ಸ್ಪೆಲಿಂಗೂ ಹಾಗೇ, ಅಕ್ಷರ ಅಕ್ಷರವಾಗಿ ರಾಗದಲ್ಲಿ. ಬೆಳಗಿನ ಹೊಟ್ಟೆನೋವು ನಿಂತಿತು. ಮನೆಯಲ್ಲಿ ಹಾಡಿಕೊಂಡು ಓಡಾಡುತ್ತಿದ್ದಳು. ಅದನ್ನು ನೋಡಿ ನಾನು ಹಿಗ್ಗಿದೆ, ಬಾಯಿ ಮುಚ್ಚಿಕೊಂಡು ಎಲ್ಲರಿಗೂ ಟೀ ಮಾಡಿಕೊಟ್ಟೆ.

ಟಾಟ್ ಒಮ್ಮೆ ಮಾತ್ರ ಅನುಮಾನಪಟ್ಟ. "ಮಧ್ಯದಲ್ಲೊಂದು ಪದ ತೋರ್ಸಿ ಕೇಳ್ದೆ ಮ್ಯಾಟಿ, ಬರ್ಲಿಲ್ಲ ಅವ್ಳಿಗೆ."

"ಮಧ್ಯದಲ್ಲಿ ಯಾರೋ ಕೇಳ್ತಾರೆ? ಮೇಲಿಂದಾನೇ ತಾನೇ ಕೇಳೋದು?" ಎಂದು ಮ್ಯಾಟಿ ಅವನ ಬಾಯಿ ಮುಚ್ಚಿಸಿದ.

ಪರೀಕ್ಷೆ ಮಂಗಳವಾರ ಬೆಳಗ್ಗೆ ಕ್ಲಬ್ಬಿನ ಮಹಡಿಯಲ್ಲಿ. ಊರಿನಲ್ಲಿ ಗದ್ದಲವಿಲ್ಲದ ಬೇರೆ ಕೋಣೆ ಇರಲಿಲ್ಲ. ಎಸ್ಮೆಗೆ ತಲೆಸ್ನಾನ ಮಾಡಿಸಿ, ಉಗುರು ಕತ್ತರಿಸಿ, ಆ ಹೊಸ ಕೋಟನ್ನೇ ಹಾಕಿಸಿದೆ. ಮ್ಯಾಟಿ ಟೈ ಕಟ್ಟಿದ್ದ. ಮಿಸೆಸ್ ಪಾರ್ಜಿಟರ್ ಚಕ್ರದ ಸೂಟ್‌ಕೇಸ್ ಎಳೆದುಕೊಂಡು ಬಂದಾಗ ಕೆಳಗಿನ ಬಾರಿನಲ್ಲಿ ಸಂಘದ ಹತ್ತು ಹನ್ನೆರಡು ಗಂಡಸರು, ಮಂಗಳವಾರ ಬೆಳಗ್ಗೆ ಅಲ್ಲಿ ಕೂರುವುದು ತಮ್ಮ ಪದ್ಧತಿ ಎಂಬಂತೆ, ಪೇಪರು ಹಿಡಿದು ಕೂತಿದ್ದರು. ಒಬ್ಬನದು ತಲೆಕೆಳಗಾಗಿತ್ತು.

"ನಾವು ಹೊರಗಿರ್ತೀವಿ ಮೇಡಂ" ಎಂದ ಮ್ಯಾಟಿ. "ತೀರ್ಪಿನ ಹೊತ್ತಲ್ಲಿ ಬೆಳೆಸ್ದೋರು ಹಾಲ್‌ನಲ್ಲಿ ಇರ್ಬಾರ್ದು. ನಿಯಮ ಗೊತ್ತು ನಮ್ಗೆ."

ಅವರು ಏನೂ ಅರ್ಥವಾಗದೆ ನಕ್ಕು, ಎಸ್ಮೆಯ ಕೈ ಹಿಡಿದು ಮೆಟ್ಟಿಲು ಹತ್ತಿದರು.

ಅರ್ಧ ಪರೀಕ್ಷೆ ಮುಗಿಸಿ ಟೀಗೆಂದು ಕೆಳಗಿಳಿದಾಗ ಮಿಸೆಸ್ ಪಾರ್ಜಿಟರ್ ಮುಖದಲ್ಲಿ ಗೊಂದಲವಿತ್ತು. ಎಸ್ಮೆ ಅವರ ಹಿಂದೆ ಮೆಟ್ಟಿಲ ಮೇಲೆ ನಿಂತಿದ್ದಳು.

"ಮಿಸೆಸ್ ಚಾರ್ಲ್ಟನ್, ಇಷ್ಟು ವರ್ಷದಲ್ಲಿ ನಾನು ಹೀಗೆ ನೋಡಿಲ್ಲ" ಎಂದರು. "ಓದೋದ್ರಲ್ಲಿ, ಸ್ಪೆಲಿಂಗಲ್ಲಿ, ಎರಡರಲ್ಲೂ ತನ್ನ ವಯಸ್ಸಿನ ಮಕ್ಕಳಿಗಿಂತ ಎಷ್ಟೋ ಮುಂದಿದಾಳೆ. ಒಂದೂ ತಪ್ಪಿಲ್ಲ."

ಅವರ ಮಾತು ಮುಗಿಯುವ ಮೊದಲೇ ಬಾರು ಹಾರಿಬಿತ್ತು. ಚಪ್ಪಾಳೆ, ಶಿಳ್ಳೆ, ಮೇಜು ಗುದ್ದುವ ಸದ್ದು. ಟಾಟ್ ಟೋಪಿ ಮೇಲೆಸೆದ, ಅದು ದೀಪಕ್ಕೆ ಸಿಕ್ಕಿಕೊಂಡಿತು. ಯಾರೋ ಬಿಯರಿನ ನಲ್ಲಿ ತಿರುಗಿಸಿಯೇಬಿಟ್ಟರು. ಮೆಟ್ಟಿಲ ಮೇಲೆ ಎಸ್ಮೆ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮುಖ ಕೆಂಪಾಗಿತ್ತು. ಓದಿದ್ದಕ್ಕೆ ಆ ಮಗುವಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದು ಹುಟ್ಟಿದ ಮೇಲೆ ಅದೇ ಮೊದಲು.

ಗದ್ದಲದ ನಡುವೆ ಮಿಸೆಸ್ ಪಾರ್ಜಿಟರ್ ನನ್ನ ಕಿವಿಯ ಹತ್ತಿರ ಬಂದರು. "ಸಂತೋಷದ ವಿಷಯಾನೇ. ಆದ್ರೆ ಮುಂದಿನ ಅರ್ಧ ಮಾಡೋದ್ರಲ್ಲಿ ಅರ್ಥ ಇಲ್ಲ. ಇಷ್ಟು ಚೆನ್ನಾಗಿ ಓದೋ ಮಗೂಗೆ ಡಿಸ್ಲೆಕ್ಸಿಯಾ ಅಂತ ನಾನು ಬರೆಯೋಕಾಗಲ್ಲ. ಶನಿವಾರದ ಜಾಗ ಆ್ಯಂಬಲ್ ಹುಡುಗನಿಗೆ ಕೊಟ್ಬಿಡ್ತೀನಿ, ಆಗಬಹುದಾ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ. ಇಲ್ಲಿ ತುತ್ತನ್ನು ನಾವೇ ತೊಳೆದು, ಹೊಳಪು ಕೊಟ್ಟು, ಬೇರೆಯವರ ತಟ್ಟೆಗೆ ಹಾಕಿದ್ದೆವು. ಮ್ಯಾಟಿಯ ಟೈ ಹಿಡಿದು ಕೋಟು ನೇತುಹಾಕುವ ಮೂಲೆಗೆ ಎಳೆದುಕೊಂಡು ಹೋದೆ.

"ಹೇಳು ಅವ್ರಿಗೆ."

"ಏನಂತ ಹೇಳ್ಲಿ?" ಅವನಿಗೂ ಅರ್ಥವಾಗಿತ್ತು.

"ಇದ್ದದ್ದು ಇದ್ದ ಹಾಗೆ. ಪೆಟ್ಟಿಗೆ ವಿಷ್ಯ."

"ಮೂವತ್ತು ವರ್ಷ ಈ ಜನರ ಲೀಕ್‌ಗೆ ಮುದ್ರೆ ಒತ್ತಿದೋನು ಕಣೇ ನಾನು. ಇವರ ಮುಂದೆ ನಿಂತು ನಾನು ಮೋಸ ಮಾಡ್ದೆ ಅನ್ಲಾ?"

"ಅನ್ನು."

ಅವನು ಮೆಟ್ಟಿಲ ಕಡೆ ನೋಡಿದ. "ನಂದು ಹೋಗ್ಲಿ ಬಿಡು. ಅವಳ ಮುಖ ನೋಡೇ. ಆ ನಗು ನಾನು ಕಿತ್ಕೊಳ್ಲಾ?"

"ಸೆಪ್ಟೆಂಬರಲ್ಲಿ ಆ ದೊಡ್ಡ ಸ್ಕೂಲಲ್ಲಿ ಅವಳ ಪಕ್ಕ ಕೂತು ಕಿವೀಲಿ ಹೇಳ್ಕೊಡ್ತೀಯಾ ನೀನು? ಇವತ್ತು ನಕ್ಕಿದ್ದಕ್ಕೆ ಅವಳು ಅಲ್ಲಿ ಎಷ್ಟು ವರ್ಷ ಅಳ್ಬೇಕು, ಯೋಚನೆ ಮಾಡು. ನೀನು ಹೇಳಲ್ಲ ಅಂದ್ರೆ ನಾನು ಹೇಳ್ತೀನಿ, ಜತೆಗೆ ನಿನ್ನ ಲೀಕ್‌ಗೆ ಗುಟ್ಟಾಗಿ ಏನೇನು ಕುಡಿಸ್ತೀಯ ಅಂತಾನೂ ಹೇಳ್ತೀನಿ."

ಮ್ಯಾಟಿ ಟೈ ಸರಿಮಾಡಿಕೊಂಡ. ಬಾರಿನ ನಡುವೆ ಹೋಗಿ ನಿಂತು, ಸಭೆಯಲ್ಲಿ ಮಾಡುವಂತೆ ಲೋಟಕ್ಕೆ ಚಮಚ ಬಡಿದ. ಎಲ್ಲರೂ ಸುಮ್ಮನಾದರು. ಅಧ್ಯಕ್ಷರು ಅಭಿನಂದನಾ ಭಾಷಣ ಮಾಡುತ್ತಾರೆ ಎಂದುಕೊಂಡರು.

"ಮೇಡಂ, ನಿಮ್ಮ ತೀರ್ಪು ನಿಲ್ಲೋದಿಲ್ಲ" ಎಂದ. "ಸ್ಪರ್ಧೆಗೆ ಇಟ್ಟಿದ್ದರ ಮೇಲೆ ಕೈಯಾಡಿದೆ. ನಿಮ್ಮ ಹಾಳೆಗಳು ನಮ್ಮ ಕೈಗೆ ಸಿಕ್ಕಿದ್ವು. ಅಷ್ಟೂ ಅವಳಿಗೆ ಬಾಯಿಪಾಠ ಮಾಡ್ಸಿದೀನಿ. ಅವಳು ಒಂದು ಪದಾನೂ ಓದಿಲ್ಲ. ಮೋಸ ಮಾಡಿದ್ದು ನಾನು, ಮಗು ಅಲ್ಲ. ಈ ಸಂಘದಲ್ಲಿ ಬೇರೆ ಯಾರಾದ್ರೂ ಹೀಗೆ ಮಾಡಿದ್ದಿದ್ರೆ ನಾನೇ ಹೊರಗೆ ಹಾಕ್ತಿದ್ದೆ."

"ಅಧ್ಯಕ್ಷರೇ, ಸಾಕು ಬಿಡಿ" ಎಂದ ಟಾಟ್ ಮೆಲ್ಲಗೆ. "ಪೆಟ್ಟಿಗೆ ತಂದೋನು ನಾನಲ್ವಾ?"

ಮಿಸೆಸ್ ಪಾರ್ಜಿಟರ್ ಕಣ್ಣು ದೊಡ್ಡದು ಮಾಡಿದರು. "ಯಾವ ಪೆಟ್ಟಿಗೆ? ಎಲ್ಲಿತ್ತು?"

"ಕಸದ ತೊಟ್ಟೀಲಿ ಮೇಡಂ."

"ನನ್ನ ಪೆಟ್ಟಿಗೆ!" ಎಂದು ಅವರು ಕಿರುಚಿದರು. "ಅಯೋಗ್ಯರು, ಆಫೀಸಿನ ಬೀಗದೊಳಗೇ ಉಳಿದಿದ್ದ ನನ್ನ ಪೆಟ್ಟಿಗೇನ ತೊಟ್ಟಿಗೆ ಹಾಕಿದ್ರಾ? ಮಕ್ಕಳ ಪರೀಕ್ಷೆ ಹಾಳೆಗಳ್ನ ಬೀದಿಗೆ ಎಸೆದ್ರಾ?" ಆಮೇಲೆ ತಮ್ಮ ಹಳೆಯ ಆಡಳಿತ ಮಂಡಳಿಯ ಬಗ್ಗೆ ಅವರು ಆಡಿದ ಮಾತು ಕೇಳಿ ಗಣಿ ಕೆಲಸದ ಗಂಡಸರೇ ತಲೆ ತಗ್ಗಿಸಿದರು. ಓದಿದವರ ಬಾಯಲ್ಲಿ ಬೈಗುಳ ಬಹಳ ಸ್ಪಷ್ಟವಾಗಿರುತ್ತದೆ.

ಸಿಟ್ಟು ಇಳಿದ ಮೇಲೆ ಅವರು ಹಣೆ ಒರೆಸಿಕೊಂಡರು. ಬೇರೆ ಹಾಳೆಗಳ ಇನ್ನೊಂದು ಕಟ್ಟು ಕಾರಿನಲ್ಲಿದೆ, ಉಳಿದ ಅರ್ಧ ಪರೀಕ್ಷೆಯನ್ನಂತೂ ಯಾರೂ ಬಾಯಿಪಾಠ ಮಾಡಿಸಲಾರರು, ಹುಡುಗಿ ಒಪ್ಪಿದರೆ ಈಗಲೇ ಮಾಡೋಣ ಎಂದರು. ಆಗ ಎಲ್ಲರೂ ಮೆಟ್ಟಿಲ ಕಡೆ ತಿರುಗಿದರು.

ಎಸ್ಮೆ ನಗುತ್ತಿರಲಿಲ್ಲ. "ತಾತ, ನಾನು ತಪ್ಪು ಹೇಳಿದ್ನಾ?"

ಮ್ಯಾಟಿ ಹೋಗಿ ಅವಳಿಗಿಂತ ಕೆಳಗಿನ ಮೆಟ್ಟಿಲ ಮೇಲೆ ಕೂತ. "ಒಂದೂ ತಪ್ಪಿಲ್ಲ ಪುಟ್ಟಿ. ತಪ್ಪು ತಾತಂದು. ಈಗ ನೀನು ಇನ್ನೊಂದ್ಸಲ ಹೋಗ್ಬೇಕು. ನಾನು ಹೇಳ್ಕೊಟ್ಟಿದ್ದೆಲ್ಲ ಬಿಟ್ಟು."

"ಅದು ಬಿಟ್ರೆ ನಂಗೇನೂ ಬರಲ್ವಲ್ಲ."

"ಬರದೇ ಇದ್ರೂ ಪರ್ವಾಗಿಲ್ಲ."

"ಬೇಕೂಂತ ತಪ್ಪು ಮಾಡ್ಬೇಕಾ?"

"ಬೇಕೂಂತ ಏನೂ ಮಾಡ್ಬೇಡ. ನಿಂಗೆ ಹೇಗಾಗುತ್ತೋ ಹಾಗೆ."

ಅವಳು ಬಾರಿನ ಗಂಡಸರನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು. "ಆಮೇಲೆ ಇವ್ರಿಗೆಲ್ಲ ಗೊತ್ತಾಗುತ್ತೆ" ಎಂದಳು. ಅವನು ಅವಳ ಕೋಟಿನ ಗುಂಡಿ ಹಾಕಿದ, ಬಿಚ್ಚಿದ, ಮತ್ತೆ ಹಾಕಿದ. ಅವಳು ಎದ್ದು ಒಬ್ಬಳೇ ಮೇಲೆ ಹೋದಳು.

ಆಮೇಲಿನ ಹೊತ್ತು ಸರಿಯ‍ಲೇ ಇಲ್ಲ. ಬಗ್ಗಿಸಿದ ಬಿಯರನ್ನು ಯಾರೂ ಮುಟ್ಟಲಿಲ್ಲ. ನಮ್ಮ ಕ್ಲಬ್ಬಿನ ಇತಿಹಾಸದಲ್ಲೇ ಅದು ಮೊದಲು. ಮ್ಯಾಟಿ ಒಂದು ಬೆಂಚಿನಲ್ಲಿ ಒಬ್ಬನೇ ಕೂತಿದ್ದ. ರಾಬ್ಸನ್ನನಿಗೆ ಆದದ್ದು ಇವನಿಗೂ ಆಗುತ್ತದೆಯೇ ಎಂದು ನಾನು ನೋಡುತ್ತಿದ್ದೆ. ಆದರೆ ಟಾಟ್ ಎದ್ದು ಬಂದು ಅವನ ಪಕ್ಕ ಕೂತ. ದೀಪಕ್ಕೆ ಸಿಕ್ಕಿದ್ದ ತನ್ನ ಟೋಪಿ ನೋಡುತ್ತ, "ಈ ವರ್ಷ ನನ್ನ ಲೀಕೂ ಅಷ್ಟಕ್ಕಷ್ಟೇ" ಎಂದ. ಅದು ಅವನು ಸಮಾಧಾನ ಹೇಳುವ ರೀತಿ.

ಕೊನೆಗೆ ಇಬ್ಬರೂ ಇಳಿದು ಬಂದರು. ಎಸ್ಮೆಯ ಕಣ್ಣು ಊದಿತ್ತು. ಹುಡುಗಿ ಸುಸ್ತಾಗಿ ಬೆಂಡಾಗಿದ್ದಳು, ಇಡೀ ದಿನ ಮೂಟೆ ಹೊತ್ತವಳ ಹಾಗೆ.

"ಇದೆ" ಎಂದರು ಮಿಸೆಸ್ ಪಾರ್ಜಿಟರ್. "ಅನುಮಾನವೇ ಇಲ್ಲ. ನಾನು ಬರೆದು ಕೊಡ್ತೀನಿ. ಶನಿವಾರದ ಜಾಗ ಅವಳದೇ. ಆ ಹುಡುಗನ್ನೂ ಕರೀತೀನಿ, ಇನ್ನೊಂದು ಕುರ್ಚಿ ಹಾಕಿದ್ರಾಯ್ತು. ಒಂದು ಮಾತು ಕೇಳಿ, ಇಷ್ಟು ಕಷ್ಟಪಟ್ಟು ಓದೋ ಮಗೂನ ನಾನು ಕಂಡಿಲ್ಲ. ಸಾಕು ನಿಲ್ಲಿಸೋಣ ಅಂದ್ರೂ ನಿಲ್ಲಿಸ್ಲಿಲ್ಲ."

ಮ್ಯಾಟಿ ಎರಡೂ ಕೈ ಚಾಚಿದ. ಎಸ್ಮೆ ಹೋಗಿ ಅವನ ಮೊಣಕಾಲುಗಳ ನಡುವೆ ನಿಂತಳು.

"ಆ ಮೇಡಂ ಸುಳ್ಳು ಪದ ತೋರಿಸಿದ್ರು ತಾತ" ಎಂದಳು. "ಯಾವ ಅರ್ಥಾನೂ ಇಲ್ದೇ ಇರೋ ಪದ, ಅವರೇ ಮಾಡಿರೋದು. ಇದನ್ನ ನೀನು ಯಾವತ್ತೂ ನೋಡಿರಲ್ಲ, ಓದೋಕೆ ಪ್ರಯತ್ನ ಮಾಡು ಅಂದ್ರು."

"ಕಷ್ಟ ಆಯ್ತಾ?"

"ನಂಗೆ ಏನೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ಎಲ್ಲಾ ಪದಾನೂ ನಂಗೆ ಹಾಗೇ ಕಾಣೋದು."

ಮ್ಯಾಟಿ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದ. "ಯಾಕೆ ಪುಟ್ಟಿ ಇಷ್ಟು ದಿನ ಹೇಳ್ಲಿಲ್ಲ?"

"ನಿಮ್ಗೆಲ್ಲಾ ಹಾಗೇ ಕಾಣುತ್ತೆ ಅಂದ್ಕೊಂಡಿದ್ದೆ" ಎಂದಳು ಎಸ್ಮೆ. "ಆದ್ರೂ ನೀವು ಓದ್ತೀರ, ನಾನೊಬ್ಳೇ ದಡ್ಡಿ ಅಂದ್ಕೊಂಡಿದ್ದೆ."

ಮ್ಯಾಟಿ ಅವಳನ್ನು ಎದೆಗೊತ್ತಿಕೊಂಡ, ಅವನ ಭುಜ ಅಲುಗುತ್ತಿತ್ತು. ನನಗೆ ಅಳು ಉಕ್ಕಿ ಬಂತು. ಅತ್ತರೆ ಆ ಮಗು ಹೆದರುತ್ತದೆಂದು ಅಳಲಿಲ್ಲ, ಟಾಟ್ ಹಿಂಡ್‌ಮಾರ್ಶ್‌ನನ್ನು ಬಾಯಿಗೆ ಬಂದಂತೆ ಬೈದೆ. ಯಾರನ್ನಾದರೂ ಬೈಯಲೇಬೇಕಿತ್ತು, ಅವನು ಹತ್ತಿರದಲ್ಲಿದ್ದ. ಪಾಪ, ಅವನೂ ಕಣ್ಣೊರೆಸಿಕೊಳ್ಳುತ್ತ ಎಲ್ಲದಕ್ಕೂ ಹೌದು ಹೌದು ಎಂದ.